ಅರ್ಜಿಯ ಬೆನ್ನಿಗೆ ಒಂದು ದ್ವೀಪ

೧೯೪೬ ಜೂನ್ ೧೭, ಸೋಮವಾರ. ಲಿಂಗಸುಗೂರು

ಕಚೇರಿಯ ಮುಂದಿನ ಮರದ ಕೆಳಗೆ ಇವತ್ತು ಮೂರು ಅರ್ಜಿ ಬರೆದೆ. ಒಂದು ಬಾವಿಯ ತಕರಾರು, ಒಂದು ಕಳುವಾದ ಎತ್ತು, ಒಂದು ತಮ್ಮನ ಮೇಲೆ ಅಣ್ಣನದು. ಎಂದಿನಂತೆ ಅವರ ಬಾಯಿಂದ ಬಂದದ್ದನ್ನು ಮೊದಲು ಕನ್ನಡದಲ್ಲಿ ಬಿಡಿ ಹಾಳೆಗೆ ಇಳಿಸಿದೆ. ಆಮೇಲೆ ಸ್ಟಾಂಪು ಕಾಗದದ ಮೇಲೆ ಉರ್ದು. ಕಚೇರಿಗೆ ಬೇಕಾದದ್ದು ಉರ್ದು ಮಾತ್ರ. ಆದರೂ ಕನ್ನಡದ ಹಾಳೆಯನ್ನು ಅವರಿಗೆ ಓದಿ ಹೇಳಿ, ಹೌದು ಅನ್ನಿಸಿಕೊಂಡು, ಉರ್ದುವಿನ ಬೆನ್ನಿಗೆ ಗುಂಡುಸೂಜಿ ಚುಚ್ಚಿ ಒಳಗೆ ಕೊಡುತ್ತೇನೆ. ಇಪ್ಪತ್ತೆರಡು ವರ್ಷದಿಂದ. ಯಾರೂ ಬೇಡ ಎಂದಿಲ್ಲ, ಯಾರೂ ಓದಿಲ್ಲ. ಹಟ ಎನ್ನುತ್ತಾಳೆ ಹೆಂಡತಿ. ಹಟವೇ. ಮಸ್ಕಿಯ ಬಂಡೆಯ ಮೇಲೆ ಶಾಸನ ಕೊರೆಸಿದ ರಾಜನಿಗೂ ಜನ ಆಡುವ ಮಾತಿನಲ್ಲಿ ಹೇಳಬೇಕೆಂಬ ಬುದ್ಧಿ ಇತ್ತು. ಎರಡು ಸಾವಿರ ವರ್ಷದಲ್ಲಿ ನಾವು ಹಿಂದಕ್ಕೆ ನಡೆದಿದ್ದೇವೆ.

ಮಧ್ಯಾಹ್ನ ಬಿಡುವು. ದ್ವೀಪದ ಕಾನೂನಿಗೆ ಇನ್ನೆರಡು ಕಲಮು. ಬಿಡಿ ಹಾಳೆಯಲ್ಲಿ ಬರೆದು, ತಿದ್ದಿ, ಈ ಪುಸ್ತಕದ ಹಿಂದಿನ ಪುಟಗಳಿಗೆ ಇಳಿಸುತ್ತಾ ಬಂದಿದ್ದೇನೆ. ಎಲ್ಲೂ ಇಲ್ಲದ ದ್ವೀಪ. ಸುತ್ತ ನೀರು, ರಾಜನಿಲ್ಲ. ಊರಿಗೊಬ್ಬ ಪಂಚ, ಪಂಚರ ಸಭೆ, ಸಭೆಗೆ ಒಬ್ಬ ಯಜಮಾನ — ಒಂದೇ ವರ್ಷ. ವರ್ಷ ಮುಗಿದ ದಿನ ಅವನು ತನ್ನ ಹೊಲಕ್ಕೆ ಹೋಗಬೇಕು. ಇವತ್ತಿನದು: ಅರ್ಜಿ ಕೊಟ್ಟವನ ಮಾತಿನಲ್ಲೇ ಉತ್ತರ. ಹದಿನೈದು ದಿನ ದಾಟಿದರೆ, ತಡ ಮಾಡಿದವನೇ ಅರ್ಜಿದಾರನ ಮನೆಗೆ ನಡೆದುಹೋಗಿ ಉತ್ತರ ಹೇಳಿ ಬರಬೇಕು.

ಪಕ್ಕದ ಚಾಪೆಯಲ್ಲಿ ಸ್ಟಾಂಪು ಮಾರುವ ಹುಸೇನ್‌ಸಾಬ್. ಓದಿ ತೋರಿಸಿದೆ.

"ಅಲ್ಲಿ ಸ್ಟಾಂಪ್ ಯಾರು ಮಾರ್ತಾರ್ರೀ?"

"ಸ್ಟಾಂಪೇ ಇಲ್ಲೋ."

"ಹಂಗಾರ ನಾ ಬರಂಗಿಲ್ಲ ಬಿಡ್ರೀ ಅಯ್ಯನೋರ. ನೀವು ರಾಜ್ಯ ಆಳ್ರಿ. ನಾ ಇಲ್ಲೇ ನೊಣ ಹೊಡಕೊಂತ ಕುಂದ್ರತೀನಿ."

ಜೂನ್ ೨೦, ಗುರುವಾರ

ಕೋರಿಗಡ್ಡಿಯಿಂದ ಒಬ್ಬ ಹೆಣ್ಣುಮಗಳು. ಗದ್ದೆಮ್ಮ. ಅವಳ ಊರು ಕೃಷ್ಣೆಯ ನಡುಗಡ್ಡೆ. ಹೊಳೆ ತುಂಬಿತೆಂದರೆ ಹರಿಗೋಲೊಂದೇ ದಾರಿ. ಆ ಹರಿಗೋಲು ನಡೆಸುವವನು ಇವಳ ಗಂಡ ಪಕೀರಪ್ಪ. ದಂಡೆಯ ದೇಸಾಯಿ ಅವನನ್ನು ಹರಿಗೋಲು ಸಮೇತ ಬಿಟ್ಟಿ ದುಡಿಮೆಗೆ ಹಿಡಿದಿಟ್ಟುಕೊಂಡು ಹನ್ನೆರಡು ದಿನ.

"ಹೊಳಿ ಏರಾಕತ್ತೈತ್ರೀ. ಎದಿಮಟ ನೀರಾಗ ಹಾಯ್ದು ಬಂದೀನಿ. ಎರಡು ಕೂಸು ಆಕಡಿ ಅತ್ತಿ ಕೈಯಾಗ ಬಿಟ್ಟೀನಿ. ಇನ್ನೊಂದಿಷ್ಟು ದಿನ ಹೋತಂದ್ರ ನಮ್ಮ ಗಡ್ಡಿಗೆ ಕಾಗಿನೂ ಬರಂಗಿಲ್ಲ."

"ದೇಸಾಯಿಗೆ ಹೇಳಿದೇನವಾ?"

"ಹೇಳಿದ್ನಿರೀ. 'ನಿನ್ನ ಗಂಡನ್ನ ತಿಂದೀವೇನು, ಇಲ್ಲೇ ಅದಾನ ನೋಡು' ಅಂದ್ರು. ನೋಡಿ ಬಂದೆ. ಅದಾನ."

ಬೇಗಾರ ಮಾಡಿಸಬಾರದೆಂದು ಹುಕುಂ ಇದೆ. ಸಂತೆಯಲ್ಲಿ ಡಂಗುರ ಸಾರಿದ ದಿನ ನಾನೂ ಅಲ್ಲಿದ್ದೆ, ಮರೆತಿಲ್ಲ. ಡಂಗುರ ಹೊಡೆದವನೂ ಬೇಗಾರಿಗೆ ಬಂದವನೇ.

ಸಿಟ್ಟು ಇಳಿಯಲಿಲ್ಲ. ಅವಳ ಅರ್ಜಿ ಮುಗಿಸಿದ ಕೈಯಲ್ಲೇ ಇನ್ನೊಂದು ಹಾಳೆ ಎಳೆದುಕೊಂಡು ದ್ವೀಪಕ್ಕೆ ಬರೆದೆ: ನೀರು ಸುತ್ತಿದ ನಮ್ಮ ರಾಜ್ಯದಲ್ಲಿ ಯಾವ ದೊರೆಯ ಹುಕುಮೂ ನಡೆಯದು. ಬೇಗಾರಿಗೆ ಕರೆದವನನ್ನು ಸಭೆಯ ಯಜಮಾನನ ಮುಂದೆ ನಿಲ್ಲಿಸತಕ್ಕದ್ದು. ಹರಿಗೋಲು ಊರಿನ ಸ್ವತ್ತು... ಅಷ್ಟರಲ್ಲಿ ಕಚೇರಿ ಮುಚ್ಚುವ ಹೊತ್ತು. ಸೂಜಿ ಚುಚ್ಚಿ ಓಡಿದೆ. ಕೊಟ್ಟು ಬಂದೆ.

ಗದ್ದೆಮ್ಮ ಗುಡಿಯ ಕಟ್ಟೆಯ ಮೇಲೆ ಇಳಿದಿದ್ದಾಳೆ. ಗಂಡನನ್ನು ಕರೆದುಕೊಳ್ಳದೆ ಹೋಗುವುದಿಲ್ಲವಂತೆ.

ಜೂನ್ ೨೨

ಉತ್ತರವಿಲ್ಲ. ಮೇಲುಸೀಮೆಯಲ್ಲಿ ಮಳೆ ಜೋರಂತೆ.

ಜೂನ್ ೨೫, ಮಂಗಳವಾರ

ಹುಸೇನ್‌ಸಾಬ್ ಚಪ್ಪಲಿ ಬಿಟ್ಟು ಓಡಿ ಬಂದ.

"ಅಯ್ಯನೋರ, ಕೋರಿಗಡ್ಡಿಯಾಗ ಬ್ಯಾರೆ ಸರ್ಕಾರ ಕಟ್ಯಾರಂತ್ರೀ! ಮೂರು ಮಂದಿನ್ನ ಹಿಡಕೊಂಡು ಬಂದಾರ. ಯಜಮಾನ ಯಾರು ಹೇಳು ಅಂತ ಠಾಣ್ಯಾಗ ಬಡ್ಯಾಕತ್ತಾರ."

"ಯಾರ್ಯಾರು?"

"ಒಬ್ಬಾವ ಆ ಹೆಣಮಗಳ ಗಂಡ. ದೇಸಾಯಿ ಅಂಗಳದಾಗಿಂದ ಎಳಕೊಂಡು ಬಂದಾರ. ಅಯ್ಯನೋರ... ಯಜಮಾನ ಅನ್ನಾದು ನಿಮ್ಮ ದ್ವೀಪದ ಮಾತಲ್ಲೇನ್ರೀ?"

ಕಾಗದಗಳ ಬಸ್ತಾ ಬಿಚ್ಚಿದೆ. ಗದ್ದೆಮ್ಮನ ಕನ್ನಡದ ಹಾಳೆ ಒಳಗೇ ಇತ್ತು. ಸೂಜಿಯ ತೂತು ಇಲ್ಲ. ದ್ವೀಪದ ಹಾಳೆ ಇರಲಿಲ್ಲ.

ಕಚೇರಿಗೆ ಸಿಂಧನೂರಿನಿಂದ ಹೊಸ ಗುಮಾಸ್ತ ಬಂದಿದ್ದಾನೆ, ಗೋಪಣ್ಣ. ಕನ್ನಡ ಬಲ್ಲವನು. ಬೆನ್ನಿಗಿದ್ದ ಹಾಳೆ ಕಂಡು ಸಂತೋಷಪಟ್ಟು, ಎಲ್ಲರಿಗೂ ಕೇಳುವಂತೆ ಓದಿ, ಉರ್ದುವಿನಲ್ಲಿ ಅರ್ಥವನ್ನೂ ಹೇಳಿದನಂತೆ. ಏನು ಓದುತ್ತಿದ್ದೇನೆಂದು ಅವನಿಗೆ ಹೊಳೆಯುವುದರೊಳಗೆ ಪೊಲೀಸ್ ಅಮೀನರಿಗೆ ಹೊಳೆದಿತ್ತು. ಮೇಲಿನ ಅರ್ಜಿ ನಡುಗಡ್ಡೆಯವಳದು, ಕೆಳಗಿನ ರಾಜ್ಯದ ಸುತ್ತ ನೀರು. ಇನ್ನೇನು ಬೇಕು?

ಇಪ್ಪತ್ತೆರಡು ವರ್ಷ ಯಾರೂ ಓದಲಿಲ್ಲ. ಓದಿದ ಒಂದೇ ಹಾಳೆ ಇದು.

ಜೂನ್ ೨೬

ಅಮೀನರು ಕರೆಸಿದ್ದರು. ಕುರ್ಚಿ ಕೊಟ್ಟರು. ಉರ್ದುವಿನಲ್ಲಿ, ಬಹಳ ಮೆಲ್ಲಗೆ: ನೀವು ಬರೆಯುವವರು ಮಾತ್ರ, ಬಾಯಿ ಅವಳದು. ಆ ಹೆಂಗಸು ಹೇಳಿದಂತೆ ಬರೆದೆ ಎಂದು ಎರಡು ಸಾಲು ಕೊಡಿ. ಅರ್ಜಿ ಬರೆಯುವ ಸನದು ನಿಮ್ಮ ಹತ್ತಿರವೇ ಇರುತ್ತದೆ, ನಾಳೆ ಮರದ ಕೆಳಗೆ ಚಾಪೆ ಹಾಸಿಕೊಳ್ಳಿ.

ಒಳಗಿನ ಕೋಣೆಯಿಂದ ಏಟಿನ ಸದ್ದು. ಯಾರ ದನಿ ಎಂದು ಗೊತ್ತಾಗಲಿಲ್ಲ. ಪಕೀರಪ್ಪನ ದನಿ ನಾನು ಕೇಳಿದವನೂ ಅಲ್ಲ.

ಮನೆಯಲ್ಲಿ ಕೇಳಿ ಬರುತ್ತೇನೆ ಎಂದೆ. ಐವತ್ತೆಂಟು ವರ್ಷದವನ ಬಾಯಲ್ಲಿ ಬಂದ ಮಾತು!

ಹೆಂಡತಿ ಕಸ್ತೂರೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬರದು ಕೊಟ್ಟುಬಿಡ್ರಿ. ಆಕೀನ್ನ ಎರಡು ದಿನ ಕುಂದ್ರಿಸಿ ಬಿಡ್ತಾರ. ನಿಮ್ಮನ್ನ ಬಿಡಂಗಿಲ್ಲ." ಹೆಂಚಿನ ಮೇಲಿನ ರೊಟ್ಟಿ ತಿರುವಿ, "ನಾ ಹಂಗಂದೆ ಅಂತ ಎಲ್ಲೂ ಬರೀಬ್ಯಾಡ್ರಿ."

ಬರೆದಿದ್ದೇನೆ.

ಜುಲೈ ೧, ಸೋಮವಾರ

ನಾಲ್ಕು ದಿನ ಬರೆದಿಲ್ಲ. ಜ್ವರವೆಂದು ಹೇಳಿಸಿ ಕಂಬಳಿ ಹೊದ್ದು ಮಲಗಿದ್ದೆ. ಜ್ವರವಿರಲಿಲ್ಲ.

ಇವತ್ತು ಬೆಳಿಗ್ಗೆ ಬಾಗಿಲಲ್ಲಿ ಗದ್ದೆಮ್ಮ. ಅಯ್ಯನವರಿಗೆ ಜ್ವರವೆಂದು ಕೇಳಿ ಸೆರಗಿನಲ್ಲಿ ಅಮೃತಬಳ್ಳಿ ಕಟ್ಟಿಕೊಂಡು ಬಂದಿದ್ದಾಳೆ. ಕುದಿಸಿ ಕುಡಿಸಲು. ಅವಳ ಗಂಡ ಆರು ದಿನದಿಂದ ಠಾಣೆಯಲ್ಲಿ. ಯಾಕೆಂದು ಅವಳಿಗೆ ಯಾರೂ ಹೇಳಿಲ್ಲ. ದೇಸಾಯಿಯ ಕೆಲಸವೆಂದುಕೊಂಡಿದ್ದಾಳೆ.

ಎದ್ದು ಕೂತೆ. ಎಲ್ಲ ಹೇಳಿದೆ. ಇಲ್ಲದ ದ್ವೀಪ, ಇಲ್ಲದ ಸಭೆ, ಇಲ್ಲದ ಯಜಮಾನ, ಬದಲಾದ ಹಾಳೆ. ಕಸ್ತೂರೆಮ್ಮ ಒಲೆಯ ಮುಂದೆ ನಿಂತಿದ್ದಳು.

ಗದ್ದೆಮ್ಮ ಮೊದಲು ನಕ್ಕಳು. "ನನ್ನ ಗಂಡ ಯಜಮಾನಂತ್ರೀ? ಅವ್ವನ್ನ ಕೇಳಲಾರದ ಉಸರ ಬಿಡದಾಂವ!" ಆಮೇಲೆ ನಗೆ ನಿಂತಿತು. ಸೆರಗಿನ ಗಂಟು ಬಿಚ್ಚಿ ಬಳ್ಳಿಯನ್ನು ಹೊಸ್ತಿಲ ಮೇಲೆ ಇಟ್ಟಳು.

"ಹಾಳಿ ನಿಮ್ಮದ್ರೀ. ಏಟು ಅವಂಗ."

ಅಷ್ಟೇ. ಹೋದಳು.

ನಾಳೆ ಹೋಗುತ್ತೇನೆ. ಹೋಗುತ್ತೇನೆ ಎಂದು ಬರೆದರೆ ಸಾಲದು. ಐದು ದಿನದ ಹಿಂದೆಯೇ ಹೋಗಬೇಕಿತ್ತು.

ಜುಲೈ ೨, ಸಂಜೆ

ಹೇಳಿಕೆ ಕೊಟ್ಟೆ. ಹಾಳೆ ನನ್ನದು, ಕೈ ನನ್ನದು, ತಲೆಯೂ ನನ್ನದು. ಉಳಿದ ಕಲಮುಗಳು ಮನೆಯಲ್ಲಿರುವ ನನ್ನ ದಿನಚರಿ ಪುಸ್ತಕದಲ್ಲಿವೆ. ಕೋರಿಗಡ್ಡಿಯವರಿಗೆ ಇದರ ಗಂಧಗಾಳಿ ಇಲ್ಲ.

ಅಮೀನರು ನಂಬಲಿಲ್ಲ. ದ್ವೀಪ ಎಲ್ಲಿದೆ? ಎಲ್ಲಿಯೂ ಇಲ್ಲ. ಹಾಗಾದರೆ ನಕ್ಷೆ? ನಕ್ಷೆಯೂ ಇಲ್ಲ. ಇಲ್ಲದ ಊರಿಗೆ ಯಾರಾದರೂ ಕಾನೂನು ಬರೆಯುತ್ತಾರೆಯೇ? ಇರುವ ಊರಿನ ಕಾನೂನು ನಡೆಯದಿದ್ದರೆ ಬರೆಯುತ್ತಾರೆ ಎಂದೆ. ಅದನ್ನೂ ಬರೆದುಕೊಂಡರು.

ಹೆಂಗಸನ್ನು ಉಳಿಸಲು ಮುದುಕ ಸುಳ್ಳು ಹೇಳುತ್ತಿದ್ದಾನೆ ಎಂದು ಅವರ ವಾದ. ಅರ್ಜಿಗೆ ಯಾರಾದರೂ ಕನ್ನಡದ ಹಾಳೆ ಚುಚ್ಚುತ್ತಾರೆಯೇ? ಅವಳೇ ಬೇಕೆಂದು ಸೇರಿಸಿದ್ದು.

ಆಗ ಗೋಪಣ್ಣ ಬಂದ. ಯಾರೂ ಕರೆದಿರಲಿಲ್ಲ. ಎರಡು ಕೈಯಲ್ಲಿ ಹಳೆಯ ಕಟ್ಟುಗಳು, ಅಂಗಿಯೆಲ್ಲ ಧೂಳು. "ನೋಡ್ರಿ ಸಾಹೇಬ್ರ. ಇವರು ಬರದ ಅರ್ಜಿ ಎಲ್ಲಾಕ್ಕೂ ಕನ್ನಡ ಹಾಳಿ ಐತಿ." ಮೇಜಿನ ಮೇಲೆ ಬಿಚ್ಚಿದ. ಬಾವಿ, ಬದು, ಎತ್ತು, ಸತ್ತವರ ಹೊಲ. ಒಂದೊಂದರ ಬೆನ್ನಿಗೂ ನನ್ನ ಹಾಳೆ, ಮಡಿಕೆ ಬಿಚ್ಚದೆ. ಸೂಜಿಗಳು ತುಕ್ಕು ಹಿಡಿದು ಕಾಗದಕ್ಕೇ ಅಂಟಿದ್ದವು. ಅಷ್ಟು ಜನರ ಮಾತು. ಗೋಪಣ್ಣ ನನ್ನ ಮುಖ ನೋಡಲಿಲ್ಲ, ನಾನೂ ಅವನದು ನೋಡಲಿಲ್ಲ.

ಮೂವರನ್ನೂ ಬಿಟ್ಟರು. ಪಕೀರಪ್ಪನನ್ನು ಮೊದಲ ಸಲ ನೋಡಿದೆ. ಗಿಡ್ಡ ಮನುಷ್ಯ. ಎಡಗೈ ಎತ್ತಲಾರ. ಕೈ ಮುಗಿಯಲು ಹೋದ, ಒಂದೇ ಕೈ ಬಂತು. ನಾನು ತಲೆ ತಗ್ಗಿಸಿದೆ.

ನನ್ನ ಸನದು ತೆಗೆದುಕೊಂಡರು. ಕರೆದಾಗ ಬರಬೇಕು.

ಹೊರಗೆ ಗದ್ದೆಮ್ಮ ನಿಂತಿದ್ದಳು. ಸಿಟ್ಟು ಹೋಗಿಲ್ಲ. ಆದರೂ ಹೊರಡುವಾಗ ತಿರುಗಿ ಕೇಳಿದಳು: "ಆ ನಿಮ್ಮ ರಾಜ್ಯದಾಗ ಅಮೀನ ಯಾರ ಮಾತು ಕೇಳ್ತಾನ್ರೀ?"



ಜುಲೈ ೪

ಹುಸೇನ್‌ಸಾಬ್ ಸುದ್ದಿ ತಂದ. ದೇಸಾಯಿಯ ಅಂಗಳದಿಂದ ಹರಿಗೋಲನ್ನು ಗದ್ದೆಮ್ಮನೇ ತಲೆಯ ಮೇಲೆ ಹೊತ್ತು ನಡೆದಳಂತೆ. "ಸರ್ಕಾರನಽ ಬಿಟ್ಟೈತಿ, ನೀವ್ಯಾರು ಹಿಡ್ಯಾಕ?" ಅಂದಳಂತೆ. ಪಕೀರಪ್ಪ ಕುಳಿತು ದಾರಿ ಹೇಳಿದ, ಹುಟ್ಟು ಹಾಕಿದವಳೂ ಅವಳೇ. ದಾಟಿದರು. ಅವತ್ತು ಮಧ್ಯಾಹ್ನವೇ ಹೊಳೆ ಎರಡೂ ದಂಡೆ ತುಂಬಿತು.

ಇನ್ನು ತಿಂಗಳುಗಟ್ಟಲೆ ಆ ಗಡ್ಡೆಗೆ ಯಾವ ಜವಾನನೂ ಹೋಗಲಾರ.

ಜುಲೈ ೬, ಶನಿವಾರ. ಬೆಳಿಗ್ಗೆ ೯

ಜವಾನ ಬಾಗಿಲಲ್ಲಿದ್ದಾನೆ. ಈ ಪುಸ್ತಕದ ಸಮೇತ ಬರಬೇಕಂತೆ. ಪರಿಚಯದವನು, ಅಂಗಳದ ಕಲ್ಲಿನ ಮೇಲೆ ಕೂತು ಬೀಡಿ ಮುಗಿಯುವವರೆಗೆ ಕಾಯುತ್ತೇನೆ ಎಂದ. ಕಸ್ತೂರೆಮ್ಮ ರೊಟ್ಟಿ ಕಟ್ಟುತ್ತಿದ್ದಾಳೆ. ತನ್ನ ಮಾತಿರುವ ಪುಟವನ್ನಾದರೂ ಹರಿಯಿರಿ ಎಂದಳು. ಹರಿಯಲಿಲ್ಲ.

ಹಿಂದಿನ ಪುಟಗಳನ್ನು ತಿರುವಿದೆ. ನಲವತ್ತೊಂದು ಕಲಮು. ಸಭೆ ಹೇಗೆ ಕೂಡಬೇಕು, ಯಜಮಾನ ಹೇಗೆ ಇಳಿಯಬೇಕು, ಬಾವಿ ಯಾರದು, ಉತ್ತರ ಎಷ್ಟು ದಿನದೊಳಗೆ. ಅಷ್ಟು ಬರೆದವನು ಠಾಣೆಯ ಒಳಗಿನ ಕೋಣೆಯನ್ನು ಮರೆತಿದ್ದೇನೆ. ಗದ್ದೆಮ್ಮ ಒಂದೇ ಸಲ ಕೇಳಿ ಅಲ್ಲಿಗೇ ಕೈ ಇಟ್ಟಳು.

ಬೀಡಿ ಅರ್ಧ ಉಳಿದಿದೆ.

೪೨ನೆಯ ಕಲಮು. ಅಮೀನನು ಯಾರನ್ನಾದರೂ ಒಳಗೆ ಕರೆದೊಯ್ದರೆ, ಬಾಗಿಲು ತೆರೆದಿಟ್ಟು, ಆ ಮನುಷ್ಯನ ಮನೆಯವರು ಹೊಸ್ತಿಲಲ್ಲಿ —