ಗೀಸರ್ ಹಾಕಬೇಡ, ಕಾರು ಚಾರ್ಜಿಗಿದೆ

ಪುಟ್ಟಿ,

ಹಳೇ ಕಾರಿನ ಇಂಜಿನ್ ಬಿಚ್ಚಿ ತೆಗೆದ ದಿನ ನೀನು ಆ ಖಾಲಿ ಗೂಡಿನಲ್ಲಿ ಗೊಂಬೆ ಮಲಗಿಸಿ ಆಡುತ್ತಿದ್ದೆ. "ಇದು ಕರೆಂಟಲ್ಲಿ ಓಡೋ ದಿನ ಮೊದ್ಲು ಸ್ಟೀರಿಂಗ್ ಹಿಡಿಯೋದು ನೀನೇ ಕಣೇ" ಎಂದು ನಾನು ಮಾತು ಕೊಟ್ಟಿದ್ದೆ. ನಿನಗೆ ಲೈಸೆನ್ಸೇ ಬಂತು, ಕಾರು ಈಗ ಸರಿಹೋಯಿತು.

ಜಾಕಿನ ಮೇಲೆ ಚಕ್ರ ಹಿಂದಕ್ಕೆ ತಿರುಗುತ್ತಿತ್ತಲ್ಲ, ಅದು ನಿಮ್ಮಪ್ಪ ಅದಲುಬದಲು ಸಿಕ್ಕಿಸಿದ ವೈರು. ಸರಿಮಾಡಿದ್ದೇನೆ, ಅವರಿಗೆ ಹೇಳಬೇಡ. ಮೂರು ದಿನ ಮುಖ ಊದಿಸಿಕೊಂಡು ಕೂರುತ್ತಾರೆ.

ನೀನು ಏಳುವಷ್ಟರಲ್ಲಿ ನಾನು ಕೆಲಸಕ್ಕೆ ಹೋಗಿರುತ್ತೇನೆ. ಅಜ್ಜಿಯನ್ನು ಕಣ್ಣಿನ ಡಾಕ್ಟರ ಹತ್ತಿರ ನೀನೇ ಕಾರಿನಲ್ಲಿ ಕರೆದುಕೊಂಡು ಹೋಗು.

ಚಾರ್ಜರ್ ತೆಗೆಯುವ ತನಕ ಗೀಸರ್ ಹಾಕಬೇಡ, ಫ್ಯೂಸ್ ಹೋಗುತ್ತದೆ. ಪೆಟ್ರೋಲ್ ಮುಳ್ಳು ಖಾಲಿ ಎಂದೇ ತೋರಿಸುತ್ತದೆ, ಅದರ ಮಾತು ಕೇಳಬೇಡ. ಗಾಡಿ ಸದ್ದು ಮಾಡುವುದಿಲ್ಲ. "ಸ್ಟಾರ್ಟೇ ಆಗ್ಲಿಲ್ವಲ್ಲೇ" ಎಂದು ಅಜ್ಜಿ ಇಳಿದುಬಿಟ್ಟಾರು, ಕೂರಿಸಿದ ತಕ್ಷಣ ಬೆಲ್ಟ್ ಹಾಕಿಬಿಡು. ತಿರುವಿನಲ್ಲಿ ಹಾರ್ನ್ ಮಾಡು, ನಡೆದುಹೋಗುವವರಿಗೆ ನೀನು ಬರುವುದು ಕೇಳಿಸುವುದಿಲ್ಲ.

ಇಷ್ಟು ಬರೆದು ಮಲಗಿದೆ. ಆ ಬ್ಯಾಟರಿಗಳ ಭಾರಕ್ಕೆ ಬ್ರೇಕ್ ಹಿಡಿಯುತ್ತದೋ ಇಲ್ಲವೋ ಎಂದು ನಿದ್ದೆಯೇ ಹತ್ತಲಿಲ್ಲ. ನೈಟಿಯಲ್ಲೇ ಎದ್ದು ಹೋಗಿ ಬೀದಿಯ ಕೊನೆಯವರೆಗೆ ಓಡಿಸಿ ನೋಡಿದೆ. ಇಳಿಜಾರಿನಲ್ಲೂ ಗಟ್ಟಿಯಾಗಿ ಹಿಡಿಯಿತು. ನೀನು ಧೈರ್ಯವಾಗಿ ಹೋಗು.

ಮೊದಲು ಸ್ಟೀರಿಂಗ್ ಹಿಡಿದವಳು ನಾನು. ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.

ಅಮ್ಮ