ಅಪ್ಪನ ಬೆರಳಿನ ಸಿರಪ್

ಫೆಬ್ರವರಿ ೧೬, ಭಾನುವಾರ

ನಿದ್ದೆ ಹತ್ತಿರವೂ ಸುಳಿಯುತ್ತಿಲ್ಲ. ಗೆದ್ದೆ! ಹೋಟೆಲಿನಲ್ಲಿ ದಿನವೂ ಊರಿಗೆಲ್ಲ ಪ್ಯಾನ್‌ಕೇಕ್ ಹುಯ್ದು ಕೊಡುವ ನಾನು, ಶುಗರ್ ಇರುವ ಅಪ್ಪನಿಗೆ ಒಂದನ್ನೂ ಕೊಡಲಾರದೆ ಒದ್ದಾಡುತ್ತಿದ್ದೆ. ಇವತ್ತು ಕೊಟ್ಟೆ. ಮೈದಾ ಬದಲು ಓಟ್ಸ್ ಹಿಟ್ಟು, ಜೊತೆಗೆ ಮೊಟ್ಟೆ. ಸಕ್ಕರೆಯ ಸಿರಪ್ಪನ್ನು ಮೇಲೆ ಸುರಿಯಲಿಲ್ಲ. ಅದ್ದಿಕೊಂಡು ತಿನ್ನಲಿ ಎಂದು ಪುಟ್ಟ ಬಟ್ಟಲಲ್ಲಿ ಒಂದೇ ಚಮಚ ಇಟ್ಟೆ. ಅಪ್ಪ ಕಣ್ಣು ಮುಚ್ಚಿಕೊಂಡು ತಿಂದರು.

ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ಮೀಟರಿಗೆ ರಕ್ತ ತಾಗಿಸಿದರೆ, ಅಂಕಿ ಆಕಾಶಕ್ಕೇ ಏರಿತ್ತು!

“ಬೇಡ ಬೇಡ ಅಂತ ಬಡ್ಕೊಂಡೆ, ಕೇಳಿದ್ಯಾ?” ಎಂದು ಅಮ್ಮ ನನ್ನ ಮೇಲೆ ಹರಿಹಾಯ್ದಳು.

ಆಗ ಕಂಡಿತು, ಚುಚ್ಚಿದ ಅಪ್ಪನ ಬೆರಳ ತುದಿ ಹೊಳೆಯುತ್ತಿತ್ತು. ಮುಟ್ಟಿ ನೋಡಿದರೆ ಅಂಟು! “ಅಪ್ಪಾ, ಏನಿದು?”

“ಬಟ್ಟಲಲ್ಲಿ ಚೂರು ಉಳಿದಿತ್ತು ಕಣಮ್ಮಾ. ಈಗಷ್ಟೇ ಬಳಿದು ನೆಕ್ಕಿದೆ.”

ಎಳೆದುಕೊಂಡು ಹೋಗಿ ಸೋಪು ಹಚ್ಚಿ ಕೈ ತೊಳೆಸಿದೆ. ಚೆನ್ನಾಗಿ ಒರೆಸಿ ಇನ್ನೊಂದು ಬೆರಳು ಚುಚ್ಚಿದೆ. ಡಾಕ್ಟರು ಹೇಳಿದ ಮಿತಿಯೊಳಗೇ ಇದೆ! ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಗಾಬರಿಯಿಂದ ಬಂದು ಬಾಗಿಲು ತಟ್ಟಿದರು.

“ಏನಿಲ್ಲ ಬಿಡಿ, ಇವರ ಸಕ್ಕರೆ ರಕ್ತದಲ್ಲಲ್ಲ, ಬೆರಳಲ್ಲಿತ್ತು,” ಎಂದು ಅವರಿಗೆ ಹೇಳುತ್ತ ಅಮ್ಮನೂ ನಕ್ಕಳು.

ದಿನಾ ಕೊಡುವಂಥದ್ದಲ್ಲ, ಗೊತ್ತು. ಅಪರೂಪಕ್ಕೊಮ್ಮೆ ಆದರೂ ಸಾಕು, ಆ ಮುಚ್ಚಿದ ಕಣ್ಣು ನೋಡುವುದಕ್ಕೆ... ತಾಳು, ಆಚೆ ಕೋಣೆಯಲ್ಲಿ ಅಪ್ಪ ಮೆಲ್ಲಗೆ ಅಮ್ಮನನ್ನು ಕೇಳುತ್ತಿದ್ದಾರೆ:

“ಆ ಬಟ್ಟಲು ತೊಳೆದುಬಿಟ್ಯಾ?”