ನಿಮ್ಮ ಪಿಟ್‌ನ ಸ್ಪ್ಯಾನರ್ ಚಪ್ಪಾಳೆ

ಮಾನ್ಯ ರೇಸಿಂಗ್ ವಿಭಾಗದ ಮುಖ್ಯಸ್ಥರೇ,

ನಿಮ್ಮ ಬೈಕ್ ಕಂಪನಿಯ ಸವಾರರ ತರಬೇತಿ ಶಾಲೆಯಲ್ಲಿ ನನ್ನ ಮಗಳ ಎಡಗೈಯ ಎರಡು ಬೆರಳು ಹೋದವು. ವೇಗ ಕಾರಣವಲ್ಲ, ತಿರುವು ಕಾರಣವಲ್ಲ, ಟೈರಂತೂ ಅಲ್ಲವೇ ಅಲ್ಲ. ಟ್ರ್ಯಾಕಿನ ಪಕ್ಕ ಬೈಕ್ ರಿಪೇರಿಗೆ ನಿಲ್ಲುವ ನಿಮ್ಮ ಪಿಟ್‌ನಲ್ಲಿ ಬಾರಿಸುವ ಸ್ಪ್ಯಾನರ್ ಕಾರಣ. ಇದನ್ನು ನಾಲ್ಕು ಗೋಡೆಯ ನಡುವೆ ಹೇಳಿ ಮುಗಿಸೋಣವೆಂದು ನಿಮ್ಮ ಕಚೇರಿಗೆ ಬಂದಿದ್ದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಳೆಯ ರೇಸ್ ಬೈಕಿನ ಎದುರು ಮಧ್ಯಾಹ್ನದವರೆಗೆ ಕೂರಿಸಿ, "ಸಾಹೇಬ್ರು ಮೀಟಿಂಗಲ್ಲಿದಾರೆ" ಎಂದು ಸಾಗಹಾಕಿದಿರಿ. ಹಾಗಾಗಿ ಈಗ ಪತ್ರಿಕೆಯಲ್ಲಿ, ಊರೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ಓದುವವರಿಗೆ ಗೊತ್ತಿರಲಿಕ್ಕಿಲ್ಲ. ಓಟದಲ್ಲಿ ಬೈಕ್ ಜಾರಿ ಬಿದ್ದು ಎಂಜಿನ್ ಆರಿದರೆ ಆ ಸವಾರನ ಕತೆ ಅಲ್ಲಿಗೆ ಮುಗಿಯಿತು. ಆದರೆ ನೆಲದ ಮೇಲೆ ಉಜ್ಜಿಕೊಂಡು ಹೋಗುವಾಗಲೂ ಎಡಗೈಯಲ್ಲಿ ಕ್ಲಚ್ ಒತ್ತಿ ಹಿಡಿದೇ ಇದ್ದರೆ ಎಂಜಿನ್ ಆರುವುದಿಲ್ಲ. ಎದ್ದು, ಬೈಕ್ ಎತ್ತಿ, ಮತ್ತೆ ಹೊರಡಬಹುದು. ಹಾಗೆ ಬಂದವರಿಗೆ ನಿಮ್ಮ ಶಾಲೆಯಲ್ಲಿ ಒಂದು ಮರ್ಯಾದೆ ಇದೆ. ಮೆಕ್ಯಾನಿಕ್‌ಗಳೆಲ್ಲ ಸಾಲಾಗಿ ನಿಂತು ಟೂಲ್ ಡಬ್ಬಿಗಳ ಮೇಲೆ ಸ್ಪ್ಯಾನರ್ ಬಡಿಯುತ್ತಾರೆ. ಕಿವಿ ಗುಂಯ್ ಎನ್ನುತ್ತದೆ. ಕೈ ಬಿಟ್ಟವರೋ? ಅವರನ್ನು ಬೈಕಿನ ಜೊತೆ ಪಿಕಪ್ ಗಾಡಿಯಲ್ಲಿ ಹೇರಿಕೊಂಡು ತರುತ್ತೀರಿ. ಅಂದು ಊಟದ ಮೇಜಿನಲ್ಲಿ ಅವರನ್ನು ಯಾರೂ ಮಾತಾಡಿಸುವುದಿಲ್ಲ. ಎಂಥ ಸೊಗಸಾದ ಶಿಕ್ಷಣ ಪದ್ಧತಿ ಸ್ವಾಮಿ! ಇದನ್ನು ಯಾವ ಪಂಡಿತರು ರೂಪಿಸಿದರು?

ಮಗಳು ಒಮ್ಮೆ ಹಾಗೆ ಪಿಕಪ್‌ನಲ್ಲಿ ಬಂದವಳು. ವಾರದ ಕೊನೆಗೆ ಮನೆಗೆ ಬಂದು ತಟ್ಟೆಯ ಮುಂದೆ ಕೂತು ಗಳಗಳ ಅತ್ತಳು. "ಉಪ್ಪು ಕೊಡಿ ಅಂದ್ರೂ ಯಾರೂ ಕೊಡ್ಲಿಲ್ಲಮ್ಮ. ನಾನು ಅಲ್ಲಿ ಇಲ್ವೇ ಇಲ್ಲ ಅನ್ನೋ ಹಾಗೆ ತಿಂತಾ ಇದ್ರು. ಇನ್ಮೇಲೆ ಸತ್ರೂ ಕೈ ಬಿಡಲ್ಲ."

"ಕಬ್ಬಿಣ ಕಣೇ ಅದು! ಹಾಳಾಗಿ ಹೋಗ್ಲಿ, ಬಿಟ್ಬಿಡು" ಎಂದೆ.

"ನಿಂಗಿದೆಲ್ಲ ಗೊತ್ತಾಗಲ್ಲ, ಸುಮ್ನಿರು."

ಆಮೇಲೆ ಬಂತು ಆ ದಿನ. ಅಭ್ಯಾಸದ ಓಟ; ಗೆಲ್ಲಲು ಏನೂ ಇರಲಿಲ್ಲ. ತಂತಿ ಬೇಲಿಯ ಆಚೆ ನಾನು ನಿಂತಿದ್ದೆ. ಎಡ ತಿರುವಿನಲ್ಲಿ ಅವಳ ಮುಂದಿನ ಚಕ್ರ ಜಾರಿತು. ಬೈಕ್ ಎಡಕ್ಕೆ ಮಲಗಿತು, ಅದರ ಅಡಿಯಲ್ಲಿ ಅವಳ ಎಡಗೈ. ಕಿಡಿ ಹಾರಿತು. ಬಿಡು, ಬಿಡು ಎಂದು ಗಂಟಲು ಹರಿಯುವಂತೆ ಕಿರುಚಿದೆ. ಬಿಡಲಿಲ್ಲ. ಹ್ಯಾಂಡಲಿಗೂ ನೆಲಕ್ಕೂ ನಡುವೆ ಆ ಕೈಯನ್ನು ತೇಯುತ್ತ ಬೈಕ್ ಟ್ರ್ಯಾಕಿನ ಅಂಚಿನ ಕಾಂಕ್ರೀಟಿಗೆ ಗುದ್ದಿತು, ಜಲ್ಲಿಗೆ ನುಗ್ಗಿ ನಿಂತಿತು. ಎಂಜಿನ್ ಮಾತ್ರ ಗುರುಗುಟ್ಟುತ್ತಲೇ ಇತ್ತು. ಎದ್ದಳು, ಎತ್ತಿದಳು, ಹತ್ತಿದಳು. ನಾನು ಬೇಲಿಯ ಪಕ್ಕದಲ್ಲೇ ಪಿಟ್‌ವರೆಗೆ ಓಡಿದೆ. ನಿಮ್ಮವರು ಆಗಲೇ ಬಡಿಯತೊಡಗಿದ್ದರು. ಆ ಗದ್ದಲದ ನಡುವೆ ಅವಳು ನಗುತ್ತ ಇಳಿದು, ಹೆಲ್ಮೆಟ್ ತೆಗೆದು, ಎಡಗೈಯ ಗ್ಲೌಸ್ ಎಳೆದಳು. ಗ್ಲೌಸ್ ಬಂತು. ಕಿರುಬೆರಳೂ ಅದರ ಪಕ್ಕದ ಬೆರಳೂ ಅದರೊಳಗೇ ಉಳಿದವು. ರಕ್ತ ಟೂಲ್ ಡಬ್ಬಿಯ ಮೇಲೆ ಚಿಲ್ಲನೆ ಹಾರಿತು. ಹಿಂದಿನ ಸಾಲಿನವರಿಗೆ ಕಾಣದೆ ಇನ್ನೂ ಸ್ವಲ್ಪ ಹೊತ್ತು ಬಡಿಯುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ನಿಮ್ಮ ತರಬೇತುದಾರರು ನನ್ನ ಹೆಗಲ ಮೇಲೆ ಕೈಯಿಟ್ಟು, "ಏನೇ ಹೇಳಿ ಮೇಡಂ, ಎಂಜಿನ್ ಆರೋಕೆ ಬಿಡ್ಲಿಲ್ಲ ನಿಮ್ಮ ಹುಡುಗಿ" ಎಂದರು. ಅವಳ ಹೆಲ್ಮೆಟ್ ನನ್ನ ಕೈಯಲ್ಲೇ ಇತ್ತು. ಅದನ್ನು ಅವರ ಮುಖಕ್ಕೆ ಬೀಸಿದೆ. ಮೂಗಿನ ಮೂಳೆ ಮುರಿದ ಸದ್ದು ಕೇಳಿಸಿತು. ಇನ್ನೊಂದು ಬಿಡುವಷ್ಟರಲ್ಲಿ ದಾದಿಯರು ಹಿಡಿದುಕೊಂಡರು. ಇದಕ್ಕಾಗಿ ಕ್ಷಮೆ ಕೇಳಬೇಕೆಂದು ನಿಮ್ಮ ಕಚೇರಿಯಿಂದ ಫೋನು ಬಂದಿತ್ತು. ಕೇಳುವುದಿಲ್ಲ. ಆ ಇನ್ನೊಂದು ಏಟು ಬಾಕಿ ಉಳಿಯಿತಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

"ರೇಸಿಂಗ್ ಅಂದ್ರೆ ಅಪಾಯ ಇದ್ದದ್ದೇ, ಅವಳೇ ಇಷ್ಟಪಟ್ಟು ಬಂದವಳು" ಎನ್ನುತ್ತೀರಿ. ಒಪ್ಪಿದೆ. ಬೀಳುವುದು ಅವಳ ಕಸುಬು. ಆದರೆ ಬಿದ್ದ ಮೇಲೂ ಹಿಡಿದುಕೊಂಡಿರುವುದನ್ನು ಯಾರು ಕಲಿಸಿದರು? "ನಾವ್ಯಾವತ್ತೂ ಹಾಗೆ ಹೇಳ್ಕೊಟ್ಟಿಲ್ಲ" ಎಂಬುದು ನಿಮ್ಮ ಇನ್ನೊಂದು ಜಾಣ ಉತ್ತರ. ನಾನು ಜನರಿಗೆ ಕಾರು ಓಡಿಸಲು ಕಲಿಸಿ ಹೊಟ್ಟೆ ಹೊರೆಯುವವಳು. ಪಾಠ ತಲೆಗೆ ಹೋಗಲು ದಿನ ಹಿಡಿಯುತ್ತದೆ. ಶಭಾಷ್‌ಗಿರಿ ಮಾತ್ರ ಸೀದಾ ಕೈಗೇ ಇಳಿಯುತ್ತದೆ. ಬಿದ್ದಾಗ ಬೈಕಿಗೆ ಹೆಚ್ಚು ಪೆಟ್ಟಾಗದಿರಲೆಂದು ಕ್ಲಚ್ ಲಿವರಿನ ತುದಿ ತಾನಾಗಿ ಮುರಿಯುವಂತೆ ನೀವೇ ಅದರಲ್ಲಿ ಕಚ್ಚು ಕೊರೆದಿದ್ದೀರಂತೆ. ಶಭಾಷ್! ಲಿವರಿನ ಬಗ್ಗೆ ಅಷ್ಟು ಯೋಚಿಸಿದವರಿಗೆ, ಅದನ್ನು ಹಿಡಿದ ಕೈ ನೆನಪಾಗಲಿಲ್ಲವೇ? ನಿಮ್ಮ ಮಕ್ಕಳೂ ಬೈಕ್ ಓಡಿಸುತ್ತಾರೆಯೇ, ಅಥವಾ ಅವರಿಗೆ ಊಟದ ಮೇಜಿನಲ್ಲಿ ಉಪ್ಪು ಕೇಳದೆಯೇ ಸಿಗುತ್ತದೆಯೇ?

ಈಗ ಕೇಳಿ. ಗಾಯ ಮಾಗಿದೆ. ಉಳಿದ ಬೆರಳುಗಳಿಗೆ ಸರಿಯಾಗಿ ನಿಮ್ಮ ವರ್ಕ್‌ಶಾಪಿನವರು ಗಿಡ್ಡ ಲಿವರ್ ಮಾಡಿಕೊಟ್ಟಿದ್ದಾರೆ. ಬರುವ ಸೋಮವಾರ ಅಂತರರಾಷ್ಟ್ರೀಯ ಗ್ರ್ಯಾಂಡ್ ಪ್ರಿ ಓಟದ ತಂಡದ ಆಯ್ಕೆಗೆ ಅವಳನ್ನು ಕರೆದಿದ್ದೀರಿ. ಬಾಗಿಲಿಗೆ ಅಡ್ಡ ನಿಂತೆ, ಬೈದೆ, ಕಾಲು ಹಿಡಿಯುವುದೊಂದು ಬಾಕಿ. "ಅಮ್ಮ, ದಾರಿ ಬಿಡು" ಎಂದಳು. ದಾರಿ ಬಿಡುತ್ತೇನೆ. ಆ ಹುಡುಗಿ ಬೈಕಿನ ಮೇಲೆ ಕೂತಾಗ ಎಷ್ಟು ಸಂತೋಷವಾಗಿರುತ್ತಾಳೆಂದು ಹೆತ್ತವಳಿಗೆ ಗೊತ್ತಿಲ್ಲವೇ?

ನನಗೆ ಪರಿಹಾರ ಬೇಡ, ಹೂಗುಚ್ಛ ಬೇಡ. ಸೋಮವಾರ ಅವಳು ಹೆಲ್ಮೆಟ್ ಹಾಕುವ ಮುನ್ನ ನೀವು ಪಿಟ್‌ಗೆ ಬರಬೇಕು. ಎಲ್ಲ ಮೆಕ್ಯಾನಿಕ್‌ಗಳ ಎದುರು, ಎಲ್ಲ ಸವಾರರ ಎದುರು, ನಿಮ್ಮ ಬಾಯಿಂದಲೇ ಅವಳಿಗೆ ಹೇಳಬೇಕು: "ಬಿದ್ರೆ ಕೈ ಬಿಡು ಮಗಳೇ, ಯಾರೂ ಏನೂ ಅನ್ಕೊಳಲ್ಲ." ಇಷ್ಟೇ. ಇದನ್ನು ನಾನು ಸಾವಿರ ಸಲ ಹೇಳಿದ್ದೇನೆ. ನನ್ನ ಮಾತು ಅವಳು ಕೇಳುವುದಿಲ್ಲ. ನಿಮ್ಮ ಮಾತು ಕೇಳುತ್ತಾಳೆ.

ಇಂತಿ,
ಬೈಕ್ ಓಡಿಸಬಲ್ಲ, ಆದರೆ ತನ್ನ ಜಡೆ ತಾನೇ ಹೆಣೆದುಕೊಳ್ಳಲಾಗದ ನಿಮ್ಮ ಸವಾರ ಹುಡುಗಿಯ ತಾಯಿ